ಕಡಲನ್ನು ಕಾಣದ ಹಡಗು

ಕಡಲನ್ನೇ ಕಾಣದೆ ಒಮ್ಮೆ ಮುಳುಗಿ, ಇನ್ನೊಮ್ಮೆ ಹೂಳಿನಲ್ಲಿ ಹೂತುಹೋದ ಹಡಗೊಂದುಂಟೆಂದರೆ ವಾಚಕರು ನಗಬಹುದು. ಕಳೆದ ವರ್ಷ ಮಗನೊಡನೆ ಕೆನಡ ದೇಶದ ವಾಯವ್ಯದಲ್ಲಿರುವ ಯೂಕಾನ್ ಸೀಮೆಗೆ ಹೋಗಿದ್ದಾಗ, ಡಾಸನ್ ಪಟ್ಟಣದ ಸಮೀಪದ ಬೊನಾನ್ಜ ಹಳ್ಳದಲ್ಲಿ ನಾನು ಅದನ್ನು ಕಣ್ಣಾರೆ ಕಂಡೆನು.

1896ರಲ್ಲಿ ಈ ಹಳ್ಳದಲ್ಲಿ ಚಿನ್ನವು ದೊರೆಯಿತು. ಸುದ್ದಿಯನ್ನು ಕೇಳಿ ಸಹಸ್ರಾರು ಜನರು ಹಿಮದ ಕಣಿವೆಗಳನ್ನು ದಾಟಿ ಬಂದರು. ಸಾಲ್ಮನ್ ಮೀನನ್ನು ಹಿಡಿದು ಅಲ್ಲಿ ಬಾಳುತ್ತಿದ್ದ ಮೂಲನಿವಾಸಿಗಳು ತಮ್ಮ ನಾಯಕನಾದ ಐಸಾಕನೊಡನೆ ಮೂಸ್‌ಹೈಡ್ ಎಂಬ ಹಳ್ಳಿಗೆ ತೆರಳಬೇಕಾಯಿತು. ಕೈಗುದ್ದಲಿಗೆ ಸಿಕ್ಕುವ ಚಿನ್ನವು ತೀರಿದ ಮೇಲೆ ಯಂತ್ರಗಳ ಕಾಲವು ಬಂದಿತು. 1912ರಲ್ಲಿ ಮರದ ಒಡಲಿನ ಈ ನೌಕೆಯನ್ನು ಕಟ್ಟಿದರು. ಎಂಟು ಅಂತಸ್ತಿನ ಎತ್ತರ. ತೂಕವು 3,000 ಟನ್ನುಗಳಿಗೂ ಮಿಗಿಲು. ಹೆಸರು ಮಾತ್ರ ‘ನಾಲ್ಕನೆಯ ಡ್ರೆಜ್ಜರ್’ ಎಂದಷ್ಟೆ.

ಇದು ಕೆಲಸಮಾಡುತ್ತಿದ್ದ ಬಗೆಯನ್ನು ತಿಳಿಯಲು ನಮ್ಮ ಪೂರ್ವಿಕರು ಬಾವಿಯಿಂದ ನೀರೆತ್ತುತ್ತಿದ್ದ ಘಟೀಯಂತ್ರವನ್ನು ನೆನೆದುಕೊಳ್ಳಬೇಕು. ಮಾಲೆಗಟ್ಟಿದ ಮಡಕೆಗಳಿಗೆ ಬದಲಾಗಿ ಇಲ್ಲಿ ಉಕ್ಕಿನ ತೊಟ್ಟಿಗಳು. ನಿಮಿಷಕ್ಕೆ 22 ತೊಟ್ಟಿಗಳಂತೆ ನೆಲವನ್ನು ಬಗೆದು ತರುತ್ತಿದ್ದವು. ಒಳಗೆ ತಿರುಗುವ ದೊಡ್ಡ ಜರಡಿಯಲ್ಲಿ ಮಣ್ಣು ತೊಳೆದುಹೋಗಿ, ಭಾರವಾದ ಚಿನ್ನವು ತಳದಲ್ಲಿ ನಿಲ್ಲುತ್ತಿತ್ತು. ಕಲ್ಲುಗಳು ಹಿಂದಕ್ಕೆ ಬೀಳುತ್ತಿದ್ದವು. ಮುಂದೆ ಅಗೆದು ಹಿಂದೆ ತುಂಬುತ್ತ, ತಾನು ತೇಲುವ ಕೊಳವನ್ನೂ ತನ್ನೊಡನೆಯೇ ಒಯ್ಯುತ್ತ, ಈ ಹಡಗು ವರ್ಷಕ್ಕೆ ಅರ್ಧ ಮೈಲಿಯಷ್ಟು ಸಾಗುತ್ತಿದ್ದಿತು.

1924ರಲ್ಲಿ ಅದು ಮುಳುಗಿತು. 1927ರಲ್ಲಿ ಮೇಲೆತ್ತಿ ಮತ್ತೆ ದುಡಿಸಿದರು. 1941ರಲ್ಲಿ ಬೊನಾನ್ಜಕ್ಕೆ ತಂದು ಪುನಃ ಕಟ್ಟಿದರು. 1959ರಲ್ಲಿ ಕೆಲಸವು ನಿಂತಿತು. ಅನಂತರ ನೆಲವನ್ನೇ ಬಗೆದ ಆ ಯಂತ್ರವನ್ನು ನೆಲವೇ ನುಂಗಿತು; ಹೂಳೂ ಮಂಜುಗಡ್ಡೆಯೂ ಒಡಲನ್ನು ತುಂಬಿಕೊಂಡವು. 1991ರಲ್ಲಿ ಸೇನೆಯ ಇಂಜಿನಿಯರುಗಳು ಅದನ್ನು ಅಗೆದು ಬಿಡಿಸಿದರು. ಈಗ ಅದು ರಾಷ್ಟ್ರೀಯ ಸ್ಮಾರಕ.

ಅದು ಒಟ್ಟು ಒಂಬತ್ತು ಟನ್ನು ಚಿನ್ನವನ್ನೆತ್ತಿತಂತೆ. ಆ ಚಿನ್ನವು ಎಂದೋ ದೇಶಾಂತರಗಳಿಗೆ ಹೋಯಿತು. ಕಣಿವೆಯುದ್ದಕ್ಕೂ ಹಾವಿನಂತೆ ಸುತ್ತಿಕೊಂಡು ಬಿದ್ದಿರುವ ಕಲ್ಲುಗುಡ್ಡೆಗಳು ಮಾತ್ರ ಇಂದಿಗೂ ಅಲ್ಲಿಯೇ ಇವೆ. ಹುಲ್ಲು ಹಿಡಿಯಲು ಬೇಕಾದ ಮಣ್ಣೇ ಅಲ್ಲಿ ಅಪರೂಪ. ತುಂಬಿದುದು ಬರಿದಾಗುವುದು, ಬರಿದಾದುದು ತುಂಬುವುದು ಎಂಬ ಕೂಪಯಂತ್ರಘಟಿಕಾನ್ಯಾಯವನ್ನು ನಾನು ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿದೆನು. ಬರಿದಾದ ಆ ಕಣಿವೆಯು ತುಂಬಲು ಇನ್ನೆಷ್ಟು ತಲೆಮಾರು ಬೇಕೋ ಎಂದು ಮಗನು ಕೇಳಿದಾಗ, ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.