ಗಾಳಿಬೀಡಿನ ಜಿಗಣೆ

ಮಡಿಕೇರಿಯಿಂದ ಗಾಳಿಬೀಡಿಗೆ ಹೆಚ್ಚು ದೂರವೇನಿಲ್ಲ. ಆದರೆ ಜುಲೈ ಮಳೆಯಲ್ಲಿ ಆ ದಾರಿ ತಾನಾಗಿ ಉದ್ದವಾಗುತ್ತದೆ. ನವೋದಯ ಶಾಲೆಯ ಗೇಟು ಮಂಜಿನಿಂದ ಒಮ್ಮೆ ಹೊರಬಂದು, ನಾವು ನೋಡಿದ್ದೇ ತಡ, ಮತ್ತೆ ಒಳಗೆ ಹೋಯಿತು. ಎಡಕ್ಕೆ ಕಾಫಿ ತೋಟ, ಬಲಕ್ಕೆ ಏನೂ ಕಾಣದ ಬಿಳುಪು. ಹಿಂದಿನ ಸೀಟಿನಲ್ಲಿ ನನ್ನ ಅತ್ತಿಗೆ, ಹೊಟ್ಟೆಗೂ ಸೀಟ್‌ಬೆಲ್ಟಿಗೂ ನಡುವೆ ಸಣ್ಣ ದಿಂಬು ಇಟ್ಟುಕೊಂಡು, ಪ್ರತಿ ತಿರುವಿಗೂ ಡ್ರೈವರಿಗಿಂತ ಮೊದಲೇ ವಾಲುತ್ತಿದ್ದರು. ಅವರು ಹುಟ್ಟಿ ಬೆಳೆದ ದಾರಿ. ಬೆಂಗಳೂರಿನಲ್ಲಿ ಆಪರೇಷನ್ ಆದ ಮೇಲೆ ತವರಿಗೆ ಇದೇ ಮೊದಲ ಪಯಣ.

ಮೊದಲ ಸಲ ಗಂಟು ಕಂಡಾಗ ಎದೆ ತೆಗೆಸಿದ್ದರು. ಆಮೇಲೆ ಕೀಮೋ, ಆಮೇಲೆ ಊರಿನವರು ಹೇಳುವಂತೆ ‘ಕರೆಂಟ್’. ಈ ಸಲದ್ದು ತೆಗೆಯುವ ಆಪರೇಷನ್ ಅಲ್ಲ, ಕಟ್ಟುವ ಆಪರೇಷನ್. ವಿಕಿರಣ ತಾಗಿದ ಚರ್ಮ ಬಿಗಿದು ಗಟ್ಟಿಯಾಗಿರುತ್ತದೆ. ಅದರಡಿ ಸಿಲಿಕೋನ್ ಚೀಲ ಇಟ್ಟರೆ ತೊಡಕುಗಳು ಹೆಚ್ಚು. ಹಾಗಾಗಿ ಅವರದೇ ಹೊಕ್ಕುಳ ಕೆಳಗಿನ ಚರ್ಮವನ್ನೂ ಕೊಬ್ಬನ್ನೂ ಎತ್ತಿ ಎದೆಗೆ ತಂದರು. ಎತ್ತಿದ ತುಂಡಿನ ಜೊತೆಗೆ ಒಂದು ಅಪಧಮನಿ, ಅದರ ಪಕ್ಕದ ಅಭಿಧಮನಿ. ಅವುಗಳ ಅಗಲ ಎರಡು ಮೂರು ಮಿಲಿಮೀಟರ್. ಎದೆಯೊಳಗಿನ ರಕ್ತನಾಳಗಳಿಗೆ ಅವನ್ನು ಸೂಕ್ಷ್ಮದರ್ಶಕದಡಿ, ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿಯಬೇಕು. ಬೆಳಿಗ್ಗೆ ಒಳಗೆ ಹೋದವರು ಹೊರಬಂದದ್ದು ಸಂಜೆ.

ಮನೆ ತಲುಪುವ ಮೊದಲು ಕೊನೆಯ ಏರನ್ನು ನಡೆಯಲೇಬೇಕಾಯಿತು. ಜೀಪು ಕೆಸರಿಗೆ ಹೆದರಿತು. ನಾನು ಕಾಲುಚೀಲಕ್ಕೆ ಹೊಗೆಸೊಪ್ಪಿನ ಪುಡಿ ಉಜ್ಜಿಕೊಳ್ಳದೆ ಇಳಿದೆ, ಅಷ್ಟೇ ಸಾಕಾಯಿತು. ಅಂಗಳಕ್ಕೆ ಬಂದು ನೋಡಿದರೆ ಕಣಕಾಲಿನಲ್ಲಿ ಜಿಗಣೆ, ದ್ರಾಕ್ಷಿಯಷ್ಟು ಊದಿಕೊಂಡಿದೆ. ನಾನು ಕಿರುಚಿದೆ. ಅತ್ತಿಗೆ ನಕ್ಕರು. “ಸುಮ್ನೆ ಇರು, ಅದರ ಅಣ್ಣತಮ್ಮಂದಿರನ್ನು ಆಸ್ಪತ್ರೆಯಲ್ಲಿ ಸಂಬಳ ಇಲ್ಲದೆ ಕೆಲಸಕ್ಕೆ ಇಟ್ಟುಕೊಳ್ತಾರೆ.”

ಹೊಸದಾಗಿ ನೆಟ್ಟ ಅಂಗಾಂಶಕ್ಕೆ ಅಪಧಮನಿಯಿಂದ ರಕ್ತ ಬರುತ್ತದೆ, ಆದರೆ ಅಭಿಧಮನಿ ಮುಚ್ಚಿಕೊಂಡರೆ ಹೊರಗೆ ಹೋಗಲು ದಾರಿ ಇಲ್ಲ. ತುಂಡು ನೇರಳೆ ಬಣ್ಣಕ್ಕೆ ತಿರುಗಿ ಊದಿಕೊಳ್ಳುತ್ತದೆ, ಕೈಕಟ್ಟಿ ಕೂತರೆ ಸಾಯುತ್ತದೆ. ಸಾಮಾನ್ಯವಾಗಿ ಮತ್ತೆ ಆಪರೇಷನ್ ಕೋಣೆಗೆ ಒಯ್ದು ಸರಿಪಡಿಸುತ್ತಾರೆ. ಅದೂ ಆಗದಾಗ ಜಿಗಣೆ ಬಿಡುವುದುಂಟು. ಹೊಸ ನಾಳಗಳು ಚಿಗುರುವವರೆಗೆ, ಕೆಲವು ದಿನ, ಅದು ಹೀರುತ್ತದೆ. ಅದಕ್ಕಿಂತ ಹೆಚ್ಚಿನ ಕೆಲಸ ಅದು ಬಿದ್ದುಹೋದ ಮೇಲೆ ನಡೆಯುತ್ತದೆ. ಅದರ ಎಂಜಲಿನ ಹಿರುಡಿನ್ ರಕ್ತವನ್ನು ಹೆಪ್ಪುಗಟ್ಟಲು ಬಿಡದೆ ಗಾಯವನ್ನು ಗಂಟೆಗಟ್ಟಲೆ ಒಸರಿಸುತ್ತದೆ. ನನ್ನ ಕಣಕಾಲೂ ರಾತ್ರಿ ಊಟದವರೆಗೆ ಒಸರುತ್ತಲೇ ಇತ್ತು. ಆಸ್ಪತ್ರೆಯದು ನೀರಿನಲ್ಲಿ ಬದುಕುವ ಬೇರೆ ಜಾತಿ. ಅದರ ಹೊಟ್ಟೆಯ ಬ್ಯಾಕ್ಟೀರಿಯಾಕ್ಕೆ ಹೆದರಿ ರೋಗಿಗೆ ಆಂಟಿಬಯಾಟಿಕ್ ಕೂಡ ಕೊಡುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಜಿಗಣೆಗೆ ವೈದ್ಯಕೀಯ ಸಾಧನವೆಂದು ಒಪ್ಪಿಗೆ ಕೊಟ್ಟಿದೆ. ಸುಶ್ರುತ ಸಂಹಿತೆಯಲ್ಲಿ ಅದಕ್ಕೆ ಒಂದು ಇಡೀ ಅಧ್ಯಾಯವಿದೆ. ಉಪ್ಪು ಹಾಕಿ ಕೊಲ್ಲಹೊರಟ ನನ್ನ ಕೈ ಸ್ವಲ್ಪ ತಡೆಯಿತು, ಆದರೂ ಹಾಕಿದೆ.

ಅತ್ತಿಗೆಗೆ ಜಿಗಣೆ ಬೇಕಾಗಲಿಲ್ಲ. ಆದರೆ ಮೊದಲ ರಾತ್ರಿಗಳಲ್ಲಿ ನರ್ಸು ಗಂಟೆಗೊಮ್ಮೆ ಬಂದು ಹೊಸ ಎದೆಯ ಬಣ್ಣ ನೋಡಿ, ಬಿಸಿ ಮುಟ್ಟಿ, ಪುಟ್ಟ ಡಾಪ್ಲರ್ ಯಂತ್ರ ಇಟ್ಟು ಒಳಗಿನ ರಕ್ತದ ಸದ್ದು ಕೇಳುತ್ತಿದ್ದರಂತೆ. “ಆ ಸದ್ದು ನಿಂತರೆ ಅಂತ ನಾನೂ ಕಿವಿ ಕೊಟ್ಟು ಮಲಗಿದ್ದೆ.”

ಅವರ ಅಪ್ಪ ಗದ್ದೆಯಿಂದ ಬಂದರು. ನಾಟಿ ನಡೆಯುತ್ತಿತ್ತು. ಎಲ್ಲವನ್ನೂ ಕೇಳಿಸಿಕೊಂಡು, “ಅಗೆ ಕಿತ್ತು ನೆಟ್ಟ ಹಾಗೆ. ಬೇರಿಗೆ ನೀರು ಹತ್ತುವವರೆಗೆ ಬಾಡಿದ ಹಾಗೇ ಕಾಣ್ತದೆ,” ಅಂದರು. ನನ್ನ ವಿವರಣೆಗಿಂತ ಅದೇ ಚೆನ್ನಾಗಿತ್ತು.

ಇಷ್ಟು ಧೈರ್ಯ ಬರಲು ಎಷ್ಟು ಕಾಲ ಬೇಕಾಯಿತು ಎಂದು ಆ ರಾತ್ರಿ ಲೆಕ್ಕ ಹಾಕುತ್ತಿದ್ದೆ. ಇದರ ಒಂದು ಬೇರು ನಮ್ಮ ಸೀಮೆಯ ಯುದ್ಧದಲ್ಲೇ ಇದೆ. ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಮೂಗು ಕಳೆದುಕೊಂಡ ಕಾವಸ್ಜಿ ಎಂಬ ಎತ್ತಿನ ಗಾಡಿಯವನಿಗೆ ಪುಣೆಯ ಬಳಿ ಹಣೆಯ ಚರ್ಮ ಇಳಿಸಿ ಮೂಗು ಕಟ್ಟಿದ ಸುದ್ದಿಯನ್ನು 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಚಿತ್ರಸಮೇತ ಅಚ್ಚು ಹಾಕಿತು. ಚರ್ಮವನ್ನು ಪೂರ್ತಿ ಕತ್ತರಿಸದೆ, ರಕ್ತ ಹರಿಯಲು ಹುಬ್ಬುಗಳ ನಡುವೆ ಒಂದು ಪಟ್ಟಿ ಉಳಿಸಿದ್ದೇ ಅದರ ಗುಟ್ಟು. ಅದೇ ಗುಟ್ಟನ್ನು ಇಟಲಿಯ ತಾನ್ಸೀನಿ 1906ರಲ್ಲಿ ಬೆನ್ನಿನ ಸ್ನಾಯುವಿಗೆ ಅನ್ವಯಿಸಿ ಎದೆಗೆ ತಂದ. ಆದರೆ ಎದೆಯನ್ನು ಸ್ನಾಯುಸಮೇತ ಕೆತ್ತಿ ತೆಗೆಯುತ್ತಿದ್ದ ಅಮೆರಿಕದ ಹಾಲ್‌ಸ್ಟೆಡ್‌ನ ಮಾತು ಜಗತ್ತಿನಲ್ಲಿ ಬಹುಕಾಲ ನಡೆಯಿತು. ಅವನಿಗೆ ಮರುನಿರ್ಮಾಣ ಹಿಡಿಸುತ್ತಿರಲಿಲ್ಲ. ಸಿಲಿಕೋನ್ ಚೀಲ ಬಂದದ್ದು 1962ರಲ್ಲಿ, ಹೊಟ್ಟೆಯ ಸ್ನಾಯುವನ್ನೂ ಸೇರಿಸಿ ಎತ್ತುವ ವಿಧಾನ 1982ರಲ್ಲಿ. ಜಪಾನಿನ ಕೊಶಿಮಾ 1989ರಲ್ಲಿ ಸ್ನಾಯುವನ್ನು ಅದರ ಜಾಗದಲ್ಲೇ ಬಿಟ್ಟು ಮೇಲಿನದನ್ನಷ್ಟೇ ಎತ್ತಬಹುದೆಂದು ತೋರಿಸಿದ. ಅತ್ತಿಗೆ ಇಂದು ಬಾಗಿ ಸೊಪ್ಪು ಕೀಳುವುದು ಅದರ ಕೃಪೆ.

ಇಷ್ಟಾಗಿಯೂ ಕಟ್ಟಿದ ಎದೆ ಹಳೆಯ ಎದೆಯಲ್ಲ. ನರಗಳು ಕತ್ತರಿಸಿಹೋಗಿರುತ್ತವೆ, ಸ್ಪರ್ಶ ಬಹುಪಾಲು ಇರುವುದಿಲ್ಲ. ಚಳಿಗೆ ಅವ್ವ ತಂದ ಬಿಸಿನೀರಿನ ಬಾಟಲಿಯನ್ನು ಅತ್ತಿಗೆ ಪಾದದ ಹತ್ತಿರ ತಳ್ಳಿದರು. “ಎದೆ ಮೇಲೆ ಬೇಡ ಅವ್ವ. ಸುಟ್ಟರೂ ಗೊತ್ತಾಗಲ್ಲ.” ಹಂಡೆ ಒಲೆಯ ಮುಂದೆ ಕೂತರೂ ಅವರು ಆಗಾಗ ಕೈಯಿಂದ ಮುಟ್ಟಿ ಬಿಸಿ ನೋಡಿಕೊಳ್ಳುತ್ತಿದ್ದರು.

ಪಕ್ಕದ ತೋಟದ ಹೆಂಗಸೊಬ್ಬರು ಸಂಜೆ ಬಂದಿದ್ದರು. ಅವರೂ ಎದೆ ತೆಗೆಸಿದವರೇ, ಏನೂ ಕಟ್ಟಿಸಿಕೊಂಡಿಲ್ಲ. “ಇನ್ನೊಂದು ಸಲ ಕತ್ತರಿ ಯಾಕೆ?” ಅಂದರು, ಕಾಫಿ ಕುಡಿಯುತ್ತಾ. ರವಿಕೆಯೊಳಗೆ ಬಟ್ಟೆಯ ಮೆತ್ತೆ ಇಟ್ಟುಕೊಳ್ಳುತ್ತಾರೆ, ತೋಟಕ್ಕೆ ಹೋಗುವಾಗ ಅದೂ ಇಲ್ಲ. ಅತ್ತಿಗೆ ಒಪ್ಪಿ ತಲೆಯಾಡಿಸಿದರು. ನನಗೂ ಅವರ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಕಟ್ಟಿಸಿದರೆ ಕ್ಯಾನ್ಸರ್ ಮರಳುವುದು ಹೆಚ್ಚಾಗುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಬೇಕೋ ಬೇಡವೋ ಎನ್ನುವುದು ಪೂರ್ತಿ ಆ ಮೈಯವರ ಮಾತು.

ಅತ್ತಿಗೆಗೆ ಇನ್ನೊಂದು ಹಂತ ಉಳಿದಿದೆ. ಅದೇ ಚರ್ಮವನ್ನು ಮಡಚಿ ತೊಟ್ಟು ಮಾಡುತ್ತಾರೆ, ಸುತ್ತಲ ಬಣ್ಣವನ್ನು ಸೂಜಿಯಿಂದ ಚುಚ್ಚಿ ತುಂಬುತ್ತಾರೆ. ಅದನ್ನು ಕೇಳಿ ಅವ್ವ ತಮ್ಮ ಮುಂಗೈಯ ಹಸಿರು ಹಚ್ಚೆಯನ್ನು ದೀಪದ ಹತ್ತಿರ ಹಿಡಿದರು.

“ಇಂಥದ್ದಾ? ಆಸ್ಪತ್ರೆಯಲ್ಲಿ ಹಚ್ಚೆಯವಳೂ ಇದ್ದಾಳಾ?”

“ಇದ್ದಾಳೆ ಅವ್ವ.”

“ಎಷ್ಟು ತಗೊಳ್ತಾಳೆ? ನನಗೆ ಒಂದು ಸೇರು ಅಕ್ಕಿಗೆ ಹಾಕಿದ್ದು.”