ಬಿಚ್ಚಿ ಹೆಣೆದ ಅಷ್ಟಪದಿ

ಅಷ್ಟಪದಿ ಎಂದೊಡನೆ ಸಾಹಿತ್ಯಾಭ್ಯಾಸಿಗಳಿಗೆ ಜಯದೇವ ಕವಿಯ ಗೀತಗೋವಿಂದವು ನೆನಪಾಗುವುದು ಸಹಜ. ಆದರೆ ಈ ಬರಹಕ್ಕೆ ವಸ್ತುವಾದ ಅಷ್ಟಪದಿಯು ಹಾಡುವಂತಹುದಲ್ಲ. ನೂಲಿನಿಂದ ಹೆಣೆದು, ಒಡಲಿಗೆ ಎಳೆ ತುಂಬಿ, ಹೊಲಿದು ಮುಚ್ಚಿದ ಅಂಗೈಯಗಲದ ಒಂದು ಗೊಂಬೆ. ಕಡಲಿನಲ್ಲಿ ವಾಸಿಸುವ, ಎಂಟು ತೋಳುಗಳ, ಮೂಳೆಯೇ ಇಲ್ಲದ, ಮೂರು ಹೃದಯಗಳುಳ್ಳ ಆಕ್ಟೋಪಸ್ ಎಂಬ ಜೀವಿಯ ಪ್ರತಿಕೃತಿ ಅದು. ಬಯಲುಸೀಮೆಯ ಊರೊಂದರಲ್ಲಿ ಹುಟ್ಟಿ, ಅಲ್ಲಿಯೇ ಮೂವತ್ನಾಲ್ಕು ವರ್ಷ ಗಣಿತ ಕಲಿಸಿ 2014ರಲ್ಲಿ ನಿವೃತ್ತರಾದ ಮಾಸ್ತರರೊಬ್ಬರು ತಮ್ಮ ಅರವತ್ತೇಳನೆಯ ವಯಸ್ಸಿನಲ್ಲಿ ಇದನ್ನು ಹೆಣೆಯಲು ಕುಳಿತರು. ಹಾಗೆ ಕುಳಿತಾಗ ಅವರಿಗೊದಗಿದ ಪಾಠವು ಕಲಿಸುವ ವೃತ್ತಿಯವರೆಲ್ಲರೂ ಅರಿಯತಕ್ಕದ್ದಾಗಿದೆ.

2023ರಲ್ಲಿ, ಇಂಗ್ಲೆಂಡಿನಲ್ಲಿ ನೆಲೆಸಿರುವ ಅವರ ಮಗಳಿಗೆ ದಿನ ತುಂಬುವ ಮುನ್ನವೇ ಹೆರಿಗೆಯಾಯಿತು. ಮೂವತ್ತನೆಯ ವಾರದಲ್ಲಿ ಹುಟ್ಟಿದ ಹೆಣ್ಣುಕೂಸಿನ ತೂಕ ಒಂದು ಕಿಲೋ ಮುನ್ನೂರು ಗ್ರಾಂ. ಗಾಜಿನ ಪೆಟ್ಟಿಗೆಯೊಳಗೆ ಮೂಗಿಗೊಂದು ನಳಿಕೆ, ಕೈಗೊಂದು ನಳಿಕೆಯೊಂದಿಗೆ ಮಲಗಿದ್ದ ಕೂಸಿನ ಚಿತ್ರವು ಮೊಬೈಲಿನಲ್ಲಿ ಬಂದಿತು. ಕೂಸಿನ ಬೆರಳುಗಳು ನೂಲಿನ ಸುರುಳಿಯೊಂದನ್ನು ಬಿಗಿಯಾಗಿ ಹಿಡಿದಿದ್ದವು. ಅದು ಆಸ್ಪತ್ರೆಯವರು ಪಕ್ಕದಲ್ಲಿರಿಸಿದ ಅಷ್ಟಪದಿಯ ಗೊಂಬೆಯ ಒಂದು ತೋಳು.

ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಇಂತಹ ಗೊಂಬೆ ಹೆಣೆದುಕೊಡುವ ಪದ್ಧತಿಯು 2013ರಲ್ಲಿ ಡೆನ್ಮಾರ್ಕ್ ದೇಶದ ಸ್ವಯಂಸೇವಕರಿಂದ ಮೊದಲಾಗಿ, ಅನಂತರ ಹಲವು ದೇಶಗಳಿಗೆ ಹಬ್ಬಿತು. ಸುರುಳಿಗಟ್ಟಿದ ತೋಳುಗಳು ಶಿಶುವಿಗೆ ಗರ್ಭದೊಳಗಿನ ಹೊಕ್ಕುಳಬಳ್ಳಿಯನ್ನು ನೆನಪಿಸುತ್ತವೆ, ಅವನ್ನು ಹಿಡಿದ ಕೂಸು ನಳಿಕೆಗಳನ್ನು ಕಿತ್ತೆಳೆಯುವುದಿಲ್ಲ ಎಂಬುದು ಹೆಣೆಯುವವರ ನಂಬಿಕೆ. ಇದಕ್ಕೆ ವಿಜ್ಞಾನದ ದೃಢವಾದ ಪ್ರಮಾಣ ದೊರೆತಿಲ್ಲವೆಂಬುದನ್ನೂ ಹೇಳಬೇಕು. ಆದರೆ ಆರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಕುಳಿತ ಅಜ್ಜನಿಗೆ ಪ್ರಮಾಣಕ್ಕಿಂತ ಕೆಲಸವೊಂದು ಬೇಕಾಗಿತ್ತು. ಕಾಯುವುದರ ಹೊರತು ಮತ್ತೇನೂ ಮಾಡಲಾಗದ ದಿನಗಳವು.

ಮನೆಯೊಡತಿಗೆ ಕ್ರೋಶಾ ಕೆಲಸ ಬರುತ್ತಿತ್ತು. ಬಾಗಿಲ ತೋರಣ, ಮೇಜಿನ ಹಾಸು, ಹಿಂದೊಮ್ಮೆ ರೇಡಿಯೋದ ಮೇಲೆ ಹೊದಿಸಿದ್ದ ಜಾಲರಿ, ಎಲ್ಲವೂ ಅವರ ಕೈಯವೇ. ಆದರೆ ಸಂಧಿವಾತದಿಂದ ಅವರ ಬೆರಳುಗಳು ಮಡಚದಾಗಿದ್ದವು. ಮೂವತ್ನಾಲ್ಕು ವರ್ಷ ಸೀಮೆಸುಣ್ಣ ಹಿಡಿದ ಮಾಸ್ತರರು ಮಡದಿಯ ಪೆಟ್ಟಿಗೆಯಿಂದ ಕ್ರೋಶಾ ಕಡ್ಡಿಯನ್ನು ತೆಗೆದುಕೊಂಡರು. ಈ ಕೆಲಸದ ಹೆಸರು ಫ್ರೆಂಚ್ ಭಾಷೆಯದು. ಚಿಕ್ಕ ಕೊಕ್ಕೆ ಎಂದು ಅದರ ಅರ್ಥ. ಕೊಕ್ಕೆ ಚಿಕ್ಕದಾದರೂ ಅದು ಪೊರೆದ ಹೊಟ್ಟೆಗಳು ಹಲವು. 1845ರಲ್ಲಿ ಆರಂಭವಾದ ಆಲೂಗಡ್ಡೆಯ ಬರಗಾಲದಲ್ಲಿ ಐರ್ಲೆಂಡಿನ ಹೆಣ್ಣುಮಕ್ಕಳು ಕ್ರೋಶಾ ಜಾಲರಿ ಹೆಣೆದು ಮನೆಗೆ ಅನ್ನ ತಂದರು. ನೆರೆಯ ಆಂಧ್ರದ ನರಸಾಪುರದ ಸುತ್ತಲಿನ ಹಳ್ಳಿಗಳಲ್ಲಿ ಇಂದಿಗೂ ಸಾವಿರಾರು ಹೆಂಗಸರ ಸಂಪಾದನೆ ಅದರಿಂದಲೇ. ಹೆಂಗಸರು ಹೊತ್ತು ಕಳೆಯಲು ಮಾಡುವ ಕೆಲಸವೆಂದು ತಾವು ಬಗೆದಿದ್ದುದು ಎಷ್ಟು ತಪ್ಪೆಂಬುದು ಮಾಸ್ತರರಿಗೆ ಮೊದಲ ದಿನವೇ ತಿಳಿಯಿತು. ಒಂದು ಗಂಟೆಯ ಹೋರಾಟದ ಕೊನೆಗೆ ಅವರ ಕೈಯಲ್ಲಿ ಉಳಿದದ್ದು ಬೆವರಿನಿಂದ ಒದ್ದೆಯಾದ ಒಂದು ಗಂಟು.

ಮನೆಯೊಡತಿ ಬಲ್ಲದ್ದು ಚಪ್ಪಟೆಯ ಜಾಲರಿ. ಉರುಟಾದ ಗೊಂಬೆಯ ಕ್ರಮ ಬೇರೆ. ಅದನ್ನು ಬಲ್ಲವಳು ನೆರೆಮನೆಯ ಒಂಬತ್ತನೆಯ ತರಗತಿಯ ಹುಡುಗಿ. ಅವಳು ಮೊಬೈಲಿನಲ್ಲಿ ನೋಡಿ ನೋಡಿ ಕಲಿತಿದ್ದಳು. ಹೀಗೆ ಹೆಣೆದು ತುಂಬಿದ ಗೊಂಬೆಗೆ ಜಪಾನೀಯರು ಅಮಿಗುರುಮಿ ಎನ್ನುತ್ತಾರೆ. ಆ ಪದದ ನಡುವೆ ‘ಗುರು’ ಇರುವುದು ಕೇವಲ ಆಕಸ್ಮಿಕ. ನಮ್ಮ ಗುರುವಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಅಂದಿನ ಸಂಜೆಯಿಂದ ಹದಿನಾಲ್ಕರ ಬಾಲೆ ಗುರುವಾದಳು, ಅರವತ್ತೇಳರ ಮಾಸ್ತರರು ಶಿಷ್ಯರಾದರು.

ನೂಲನ್ನು ಉಂಗುರದಂತೆ ಸುತ್ತಿ ಅದರಲ್ಲಿ ಆರು ಕುಣಿಕೆ ಹಾಕುವುದು ಆರಂಭ. ಎರಡನೆಯ ಸುತ್ತಿಗೆ ಹನ್ನೆರಡು, ಮೂರಕ್ಕೆ ಹದಿನೆಂಟು, ನಾಲ್ಕಕ್ಕೆ ಇಪ್ಪತ್ತನಾಲ್ಕು. ಸುತ್ತಿಗೆ ಆರಾರು ಏರುತ್ತ ಹೋದಂತೆ ನೂಲು ಬಿಲ್ಲೆಯಾಗಿ ಹರಡುತ್ತದೆ. ಏರಿಕೆ ನಿಲ್ಲಿಸಿದರೆ ಅಂಚು ಕೆಳಗಿಳಿದು ಬಟ್ಟಲಾಗುತ್ತದೆ. ಕುಣಿಕೆ ಕಳೆಯುತ್ತ ಬಂದರೆ ಬಾಯಿ ಮುಚ್ಚಿಕೊಂಡು ತಲೆಯಾಗುತ್ತದೆ. ಆರೇ ಏಕೆ ಎಂದು ಮಾಸ್ತರರು ಕೇಳಿದರು. ಹುಡುಗಿಗೆ ತಿಳಿಯದು. ರಾತ್ರಿ ಹಾಸಿಗೆಯಲ್ಲಿ ಅವರಿಗೇ ಹೊಳೆಯಿತು. ಕುಣಿಕೆಯ ಎತ್ತರವೂ ಅಗಲವೂ ಹೆಚ್ಚುಕಡಿಮೆ ಸಮ. ವೃತ್ತದ ತ್ರಿಜ್ಯವು ಒಂದು ಮಾನ ಬೆಳೆದರೆ ಪರಿಧಿಯು ಎರಡು ಪೈಯಷ್ಟು, ಎಂದರೆ ಸುಮಾರು 6.28 ಮಾನ ಬೆಳೆಯಬೇಕು. ಆದುದರಿಂದಲೇ ಆರು. ಆರಕ್ಕಿಂತ ಬಹಳ ಹೆಚ್ಚಿಸಿದರೆ ಬಿಲ್ಲೆಯು ಚಪ್ಪಟೆಯಾಗಿ ನಿಲ್ಲಲಾರದೆ ನೆರಿಗೆ ನೆರಿಗೆಯಾಗುತ್ತದೆ. ಲಾಟ್ವಿಯಾ ದೇಶದಲ್ಲಿ ಹುಟ್ಟಿದ ಡೈನಾ ತೈಮಿನಾ ಎಂಬ ಗಣಿತಜ್ಞೆ 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇದೇ ಉಪಾಯದಿಂದ ಕ್ರೋಶಾ ಹೆಣೆದು, ಯೂಕ್ಲಿಡನ ರೇಖಾಗಣಿತಕ್ಕೆ ಒಳಪಡದ ವಕ್ರತಲವನ್ನು ವಿದ್ಯಾರ್ಥಿಗಳ ಕೈಗೇ ಕೊಟ್ಟರು. ಹವಳದ ದಂಡೆಗಳಲ್ಲಿ ಕಾಣುವ ನೆರಿಗೆಗಳೂ ಇಂತಹವೇ. ಅಷ್ಟಪದಿಯ ತೋಳು ಸುರುಳಿಯಾಗುವುದರ ಗುಟ್ಟೂ ಇದಕ್ಕೆ ದೂರವಲ್ಲ. ಉದ್ದನೆಯ ಸರಪಳಿ ಹೆಣೆದು, ಹಿಂದಿರುಗಿ ಬರುವಾಗ ಅದು ತಾಳಲಾರದಷ್ಟು ಕುಣಿಕೆಗಳನ್ನು ಅದರ ಮೇಲೆ ಹೇರಿದರೆ, ಹೆಚ್ಚಾದ ನೂಲು ಎಡೆ ಹುಡುಕುತ್ತ ತಾನಾಗಿ ಸುತ್ತಿಕೊಳ್ಳುತ್ತದೆ.

ಕಾರಣ ಬಲ್ಲವರಾದ ಮಾಸ್ತರರಿಗೆ ಕೈ ಮಾತ್ರ ಒಲಿಯಲಿಲ್ಲ. ಎಳೆಯನ್ನು ಅವರು ಎಷ್ಟು ಬಿಗಿಯಾಗಿ ಜಗ್ಗುತ್ತಿದ್ದರೆಂದರೆ ಮುಂದಿನ ಸುತ್ತಿಗೆ ಕೊಕ್ಕೆಯೇ ಒಳಹೋಗದು. ಅದಕ್ಕಿಂತಲೂ ನಾಚಿಕೆಯ ಸಂಗತಿಯೆಂದರೆ ಎಣಿಕೆ ತಪ್ಪುವುದು. ಸುತ್ತುಗಳು ಸುರುಳಿಯಂತೆ ಒಂದರ ಬೆನ್ನಿಗೊಂದು ಬರುವುದರಿಂದ, ಸುತ್ತಿನ ಮೊದಲ ಕುಣಿಕೆಗೆ ಬೇರೆ ಬಣ್ಣದ ದಾರ ಸಿಕ್ಕಿಸಿಕೊಳ್ಳದಿದ್ದರೆ ಆದಿ ಯಾವುದು ಅಂತ್ಯ ಯಾವುದು ತಿಳಿಯದು. ಮೂವತ್ತಿರಬೇಕಾದಲ್ಲಿ ಇಪ್ಪತ್ತೆಂಟು, ಮರುದಿನ ಮೂವತ್ತೊಂದು. ಜಿಲ್ಲೆಯ ಗಣಿತ ಸ್ಪರ್ಧೆಗಳಿಗೆ ಮಕ್ಕಳನ್ನು ಸಿದ್ಧಗೊಳಿಸಿದವರು ಆರರ ಮಗ್ಗಿಯಲ್ಲಿ ಎಡವಿದರು.

ಆಗ ಹುಡುಗಿ ಹೆಣಿಗೆಯನ್ನು ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡಿ, “ಅಜ್ಜಾರ, ಎರಡು ಸುತ್ತಿನ ಹಿಂದ ತಪ್ಪೈತ್ರಿ. ಬಿಚ್ಚೂಣ್ರಿ. ದಾರ ಎಲ್ಲಿಗೂ ಹೋಗಂಗಿಲ್ಲ” ಎನ್ನುತ್ತಿದ್ದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ, ಅವಸರವಿರಲಿಲ್ಲ. ಕ್ರೋಶಾದ ಲಕ್ಷಣವೇ ಹಾಗೆ. ಎಷ್ಟೇ ದೊಡ್ಡ ಹೆಣಿಗೆಯಾದರೂ ಯಾವ ಗಳಿಗೆಯಲ್ಲಿಯೂ ಕೊಕ್ಕೆಯ ಮೇಲೆ ಜೀವಂತವಾಗಿರುವುದು ಒಂದೇ ಕುಣಿಕೆ. ಅದನ್ನು ಬಿಟ್ಟು ಎಳೆದರೆ ಸುತ್ತುಗಳು ಒಂದೊಂದಾಗಿ ಬಿಚ್ಚಿಕೊಂಡು ತಪ್ಪಿನವರೆಗೆ ಹಿಂದಿರುಗುತ್ತವೆ. ನೂಲು ಇದ್ದಂತೆಯೇ ಇರುತ್ತದೆ. ಒಂದೇ ಸಂಜೆ ನಾಲ್ಕು ಸಲ ಬಿಚ್ಚಿದ ದಿನವೂ ಉಂಟು. ನಾಲ್ಕನೆಯ ಸಲವೂ ಅವಳು ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದಳು.

ಅಂದು ರಾತ್ರಿ ಮಾಸ್ತರರಿಗೆ ನಿದ್ರೆ ಬರಲಿಲ್ಲ. ಮೂವತ್ತೈದು ವರ್ಷಗಳ ಹಿಂದಿನ ಒಂದು ಮಧ್ಯಾಹ್ನ ಕಣ್ಣಮುಂದೆ ನಿಂತಿತು. 1988ರಲ್ಲಿ ಎಂಟನೆಯ ತರಗತಿಯಲ್ಲಿ ಹತ್ತಿ ಹಿಂಜುವವರ ಮಗನೊಬ್ಬನಿದ್ದ. ಹದಿನೇಳರ ಮಗ್ಗಿಯಲ್ಲಿ ದಿನವೂ ಒಂದೇ ಕಡೆ ನಿಂತುಬಿಡುತ್ತಿದ್ದ. ನಾಲ್ಕನೆಯ ದಿನವೂ ನಿಂತಾಗ ಮಾಸ್ತರರು ಇಡೀ ತರಗತಿಯ ಮುಂದೆ, “ನಿನಗೆ ಲೆಕ್ಕ ಹತ್ತುವುದಿಲ್ಲ, ಅಪ್ಪನ ಜೊತೆ ಹತ್ತಿ ಹಿಂಜಲು ಹೋಗು” ಎಂದಿದ್ದರು. ಮಕ್ಕಳು ನಕ್ಕಿದ್ದರು. ದಸರೆಯ ರಜೆಯ ಬಳಿಕ ಆ ಹುಡುಗ ಶಾಲೆಗೆ ಬರಲಿಲ್ಲ. ಬಾರದ ಹುಡುಗರು ಆ ಕಾಲದಲ್ಲಿ ಹಲವರು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೊಂದು ಗೆರೆ ಎಳೆದದ್ದಾಯಿತು. ಹದಿನಾಲ್ಕರ ಬಾಲೆಗಿದ್ದ ನಾಲ್ಕನೆಯ ಸಲದ ತಾಳ್ಮೆ ಅಂದು ತಮಗಿರಲಿಲ್ಲವೆಂಬುದು ಅವರನ್ನು ಬೆಳಗಿನವರೆಗೆ ಚುಚ್ಚಿತು.

ತಲೆ ಮುಗಿದ ಮೇಲೆ ತುಂಬಲು ಎಳೆ ಬೇಕಾಯಿತು. ಊರಿನ ಗಾದಿ ಅಂಗಡಿಯ ಒಡೆಯನು ಆ ಹುಡುಗನೇ ಎಂಬುದು ಮಾಸ್ತರರಿಗೆ ತಿಳಿಯದ್ದಲ್ಲ. ವರ್ಷಗಳಿಂದ ಆ ಅಂಗಡಿಯ ಮುಂದೆ ಹಾದುಹೋಗುವಾಗ ಅವರು ರಸ್ತೆಯ ಆಚೆಯ ಬದಿಯನ್ನೇ ಹಿಡಿಯುತ್ತಿದ್ದರು. ಅಂದು ದಾಟಿ ಬಂದರು. ತಲೆ ನರೆಯತೊಡಗಿದ್ದ ಒಡೆಯ ಎದ್ದು ನಿಂತು, “ಬರ್ರಿ ಸರ, ಕುಂದರ್ರಿ” ಎಂದನು. ಗೊಂಬೆಯ ತಲೆಯನ್ನು ಹಿಂದುಮುಂದು ತಿರುಗಿಸಿ ನೋಡಿ, ಆಸ್ಪತ್ರೆಯಲ್ಲಿ ಬಿಸಿನೀರಿನಲ್ಲಿ ಒಗೆಯುವುದಾದರೆ ಅರಳೆ ಸಲ್ಲದು, ಗಂಟುಗಟ್ಟುತ್ತದೆ, ಪಾಲಿಯೆಸ್ಟರ್ ಎಳೆಯೇ ಆಗಬೇಕು ಎಂದು ತಿಳಿಸಿದನು. ಒಂದು ಗೊಂಬೆಗೆ ಹಿಡಿಯಷ್ಟು ಸಾಕು. ಆದರೆ ಕೆಡುವ ಗೊಂಬೆಗಳ ಲೆಕ್ಕ ಹಿಡಿದು ಮಾಸ್ತರರು ನೂರೈವತ್ತು ಗ್ರಾಂ ಕೇಳಿದರು.

“ಕಿಲೋಕ್ಕ ಮುನ್ನೂರ ನಲವತ್ರಿ. ನಿಮ್ಮದು ಐವತ್ತೊಂದು ಆತು” ಎಂದನು ಒಡೆಯ, ತಕ್ಕಡಿಯಿಂದ ಕಣ್ಣು ತೆಗೆಯದೆ, ಕಾಗದ ಲೇಖನಿಗಳ ಹಂಗಿಲ್ಲದೆ. ಹದಿನೇಳು ಮೂರಲೆ ಐವತ್ತೊಂದು. ಮಾಸ್ತರರ ಕೈ ಜೇಬಿನಲ್ಲಿಯೇ ನಿಂತಿತು. ಬಹಳ ಹೊತ್ತಿನ ಮೇಲೆ ಅವರು, “ಅಂದು ತರಗತಿಯಲ್ಲಿ ನಾನು ಹಾಗೆ ಅನ್ನಬಾರದಾಗಿತ್ತು” ಎಂದರು.

ಯಾವ ದಿನ, ಯಾವ ಮಾತು ಎಂದು ಆತ ಕೇಳಲಿಲ್ಲ; ಇರಲಿ ಬಿಡಿ ಎಂದೂ ಅನ್ನಲಿಲ್ಲ. ಎಳೆಯ ಮುದ್ದೆಯೊಂದನ್ನು ಬೆರಳುಗಳಿಂದ ಹಿಂಜುತ್ತ ಕೆಲಹೊತ್ತು ಸುಮ್ಮನಿದ್ದನು. ಅನಂತರ, “ಸ್ವಲ್ಪ ಸ್ವಲ್ಪ ಹಿಂಜಿ ತುಂಬ್ರಿ ಸರ. ಒಮ್ಮೆಲೆ ತುರುಕಿದರ ಒಳಗ ಗಂಟು ಬೀಳತೈತಿ” ಎಂದು ಹೇಳಿ, ತಲೆಯ ಕಾಲುಭಾಗವನ್ನು ತಾನೇ ತುಂಬಿ ತೋರಿಸಿದನು. ಹಣವನ್ನು ಎಣಿಸಿ ಪಡೆದು ಚಿಲ್ಲರೆ ಕೊಟ್ಟನು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಮಾಸ್ತರರು ಬಾಲ್ಯದಿಂದ ಕೇಳಿದ್ದರು. ಅದರ ಅರ್ಥವು ಆ ಸಂಜೆ ಅಂಗಡಿಯಿಂದ ಮನೆಯವರೆಗಿನ ದಾರಿಯಲ್ಲಿ ಅವರಿಗೆ ತಿಳಿಯಿತು. ನೂಲಿನ ತಪ್ಪು ಬಿಚ್ಚಿದರೆ ನೂಲು ಉಳಿಯುತ್ತದೆ. ಮಗುವಿನ ಮೇಲೆ ಬಿದ್ದ ಮಾತನ್ನು ಬಿಚ್ಚುವ ಕೊಕ್ಕೆಯಿಲ್ಲ. ಮೂವತ್ತೈದು ವರ್ಷಗಳ ಸುತ್ತುಗಳು ಅದರ ಮೇಲೆಯೇ ಹೆಣೆದುಕೊಂಡು ಬಂದಿರುತ್ತವೆ. ಕಲಿಸುವವನು ಆಗಾಗ ತನಗೆ ಬಾರದ ಕೆಲಸವೊಂದನ್ನು ಮೊದಲಿನಿಂದ ಕಲಿಯಬೇಕು. ಹಾಗಲ್ಲದೆ, ಎಡವಿ ನಿಂತ ಮಗುವಿನ ಒಳಗೆ ಏನಾಗುತ್ತದೆ ಎಂಬುದು ಅವನಿಗೆ ಮರೆತೇ ಹೋಗುತ್ತದೆ.

ಮೊದಲ ಗೊಂಬೆ ಸೊಟ್ಟಗಾಯಿತು, ಎರಡನೆಯದು ಗಟ್ಟಿಯಾಯಿತು. ಮೂರನೆಯದನ್ನು ನಿಯಮಗಳಿಗನುಸಾರ ಹೆಣೆದರು: ಅಪ್ಪಟ ಹತ್ತಿಯ ನೂಲು, ಅರವತ್ತು ಡಿಗ್ರಿ ಬಿಸಿನೀರನ್ನು ತಾಳುವ ಬಣ್ಣ, ಎಳೆದು ಹಿಡಿದರೂ 22 ಸೆಂಟಿಮೀಟರ್ ಮೀರದ ತೋಳುಗಳು, ಕೂಸಿನ ಬಾಯಿಗೆ ಕಿತ್ತು ಬರಬಹುದಾದ ಗುಂಡಿಗಳ ಬದಲು ದಾರದಿಂದ ಬಿಡಿಸಿದ ಕಣ್ಣುಗಳು. ಒಂದೊಂದು ತೋಳನ್ನೂ ಅಳತೆಪಟ್ಟಿಯಿಟ್ಟು ನೋಡಿದರು. ಅಂಚೆಯಲ್ಲಿ ಅದು ಇಂಗ್ಲೆಂಡನ್ನು ತಲುಪುವಷ್ಟರಲ್ಲಿ ಕೂಸು ನಳಿಕೆಗಳಿಂದ ಬಿಡುಗಡೆ ಹೊಂದಿ ಮನೆಗೆ ಬಂದಿತ್ತು. ಹೀಗಾಗಿ ಗೊಂಬೆಯ ಸ್ಥಾನ ತೊಟ್ಟಿಲ ಪಕ್ಕಕ್ಕಾಯಿತು.

ಈಗ ಶನಿವಾರದ ಮಧ್ಯಾಹ್ನಗಳಲ್ಲಿ ಮಾಸ್ತರರು ಶಾಲೆಯ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು, ಲೆಕ್ಕದಲ್ಲಿ ಹಿಂದುಳಿದ ಮಕ್ಕಳಿಗಾಗಿ ಕುಳಿತಿರುತ್ತಾರೆ. ಮೇಜಿನ ಮೇಲೆ ಆ ಮೊದಲನೆಯ ಸೊಟ್ಟ ಗೊಂಬೆಯಿದೆ. ಒಮ್ಮೆ ಐದನೆಯ ತರಗತಿಯ ಪೋರನೊಬ್ಬ ಮಗ್ಗಿಯ ನಡುವೆ ತಡೆದು, ದೃಷ್ಟಿಯನ್ನು ಗೊಂಬೆಯ ಮೇಲಿಟ್ಟು, ಅದಕ್ಕೆ ಏಳೇ ಕಾಲು ಏಕಿವೆಯೆಂದು ಕೇಳಿದನು.

“ಎಣಿಕೆ ತಪ್ಪಿತ್ತಪ್ಪಾ” ಎಂದರು ಮಾಸ್ತರರು. “ನೀನು ಎಲ್ಲಿ ನಿಂತಿದ್ದೆ? ಅಲ್ಲಿಂದ ಹಿಂದಕ್ಕೆ ಹೋಗೋಣ.”