ನಾಪೋಕ್ಲು: ಇಲ್ಲಿ ಮಣ್ಣೇ ಮೇಷ್ಟ್ರು

ಮಡಿಕೇರಿಯಿಂದ ಮೂರ್ನಾಡಿನ ಮೇಲೆ ಹೊರಟ ಬಸ್ಸು ನಾಪೋಕ್ಲು ತಲುಪುವ ಹೊತ್ತಿಗೆ ಕೊಡಗಿನ ಭೂಗೋಳ ಪ್ರಯಾಣಿಕನ ಬೆನ್ನಿಗೇ ಅರ್ಥವಾಗಿರುತ್ತದೆ. ನೇರ ರಸ್ತೆ ಎಂಬುದು ಇಲ್ಲಿ ಅಪರೂಪ. ಒಂದು ತಿರುವು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು. ಇಕ್ಕೆಲಗಳಲ್ಲಿ ಕಾಫಿ ತೋಟ, ನೆರಳಿನ ಮರಗಳನ್ನು ತಬ್ಬಿದ ಕರಿಮೆಣಸಿನ ಬಳ್ಳಿ, ತಗ್ಗಿನಲ್ಲಿ ಭತ್ತದ ಗದ್ದೆ, ಅದರಾಚೆ ಕಾವೇರಿ.

ಹೊರಗಿನವರು ಈ ಊರಿನ ಹೆಸರು ಕೇಳಿರುವುದು ಹಾಕಿಯಿಂದ. ಕೊಡವ ಕುಟುಂಬಗಳ ನಡುವಣ ಹಾಕಿ ಉತ್ಸವ 1997ರಲ್ಲಿ ಆರಂಭವಾದದ್ದು ಹತ್ತಿರದ ಕರಡದಲ್ಲಿ. 2024ರಲ್ಲಿ ಅದು ನಾಪೋಕ್ಲುವಿನಲ್ಲಿ ನಡೆದಾಗ 360 ತಂಡಗಳು ಸೇರಿದ್ದವು. ಮಣ್ಣಿನ ಮೈದಾನದಲ್ಲಿ ಆಡಿ ಬೆಳೆದ ಹುಡುಗನಿಗೆ ಚೆಂಡು ಎಲ್ಲಿ ಪುಟಿಯುತ್ತದೆ, ಕಾಲು ಎಲ್ಲಿ ಜಾರುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ನೆಲದ ಈ ಅರಿವೇ ಇಲ್ಲಿನ ಇನ್ನೊಂದು ಜಾಣ್ಮೆಗೂ ಆಧಾರ. ಅದು ಜೀಪು ಓಡಿಸುವ ಜಾಣ್ಮೆ.

ನಾಪೋಕ್ಲುವಿನಿಂದ ಕಕ್ಕಬ್ಬೆಯ ಕಡೆ ಹೊರಟರೆ ಪಾಡಿ ಇಗ್ಗುತ್ತಪ್ಪ ದೇವಾಲಯ, ದೊಡ್ಡವೀರರಾಜೇಂದ್ರ 1792–94ರಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆ, 1748 ಮೀಟರ್ ಎತ್ತರದ ತಡಿಯಂಡಮೋಳ್ ಬೆಟ್ಟ ಸಿಗುತ್ತವೆ. ಡಾಂಬರು ಮುಗಿದು ತೋಟದ ಮಣ್ಣು ದಾರಿ ಆರಂಭವಾಗುವಲ್ಲಿ ನುರಿತ ಚಾಲಕ ಅವಸರ ಮಾಡುವುದಿಲ್ಲ. ಏರು ಬರುವ ಮೊದಲೇ ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಶಕ್ತಿ ಹೋಗುವಂತೆ ಲಿವರ್ ಎಳೆದು, ಕೆಳಗಿನ ಗೇರಿಗೆ ಹಾಕಿಕೊಳ್ಳುತ್ತಾನೆ. ಕೆಸರು ಹೆಚ್ಚಿದ್ದರೆ ಟೈರಿನ ಗಾಳಿಯನ್ನು ತುಸು ಇಳಿಸುತ್ತಾನೆ. ಟೈರು ಚಪ್ಪಟೆಯಾಗಿ ಹೆಚ್ಚು ನೆಲವನ್ನು ಮುಟ್ಟುತ್ತದೆ. ಹೊಸಬ ಆಕ್ಸಿಲರೇಟರ್ ಒತ್ತಿ ಚಕ್ರ ಸುತ್ತಿಸುತ್ತಾನೆ, ಜೀಪು ಹೂತುಹೋಗುತ್ತದೆ. ಎಂಜಿನ್ ಎರಡರಲ್ಲೂ ಒಂದೇ. ಗೆಲ್ಲಿಸುವುದು ಶಕ್ತಿಯಲ್ಲ, ಹಿಡಿತ.

ಈ ಪಾಠ ಕಲಿಯಲು ಜೀಪೇ ಬೇಕೆಂದಿಲ್ಲ. ರಜೆಗೆ ಕೊಡಗಿಗೆ ಬರುವ ಮಕ್ಕಳ ಚೀಲದಲ್ಲಿ ರೇಡಿಯೊ ನಿಯಂತ್ರಣದ ಪುಟ್ಟ ಬಗ್ಗಿಯೊಂದಿದ್ದರೆ ಸಾಕು. ಇದು ಬರೀ ಆಟಿಕೆಯಲ್ಲ. ಜಪಾನಿನ ತಮಿಯಾ ಸಂಸ್ಥೆ 1979ರಲ್ಲಿ ‘ರಫ್ ರೈಡರ್’ ಎಂಬ ಬಗ್ಗಿಯನ್ನು ಮಾರುಕಟ್ಟೆಗೆ ತಂದಿತು. ಅಮೆರಿಕದ ‘ಆರ್‌ಸಿ10’ ಬಂದದ್ದು 1984ರಲ್ಲಿ. ಮರುವರ್ಷವೇ ಕ್ಯಾಲಿಫೋರ್ನಿಯದಲ್ಲಿ ಹತ್ತನೇ ಒಂದು ಅಳತೆಯ ಬಗ್ಗಿಗಳ ಮೊದಲ ವಿಶ್ವ ಸ್ಪರ್ಧೆ ನಡೆಯಿತು. ಇಂಥ ಬಗ್ಗಿಯಲ್ಲಿ ಸ್ಪ್ರಿಂಗ್, ಶಾಕ್ ಅಬ್ಸಾರ್ಬರಿನ ಎಣ್ಣೆ, ಟೈರು, ಚಕ್ರದ ಕೋನ ಎಲ್ಲವನ್ನೂ ಬದಲಿಸಬಹುದು.

ಅಳತೆ ಹತ್ತನೇ ಒಂದಾದರೆ ತೂಕ ಎಷ್ಟು? ಉದ್ದ, ಅಗಲ, ಎತ್ತರ ಮೂರೂ ಹತ್ತು ಪಟ್ಟು ಇಳಿಯುವುದರಿಂದ ತೂಕ ಸಾವಿರ ಪಟ್ಟು ಇಳಿಯಬೇಕು. ಜೀಪಿನ ತೂಕ 1300 ಕಿಲೊ ಎಂದಿಟ್ಟುಕೊಂಡರೆ ಬಗ್ಗಿಯದು 1.3 ಕಿಲೊ ಆಗಬೇಕು. ನಿಜವಾಗಿ ಅದು ಒಂದೂವರೆ ಕಿಲೊ ಆಸುಪಾಸಿನಲ್ಲಿರುತ್ತದೆ. ಆದರೆ ಗುರುತ್ವ ಹತ್ತು ಪಟ್ಟು ಇಳಿಯುವುದಿಲ್ಲ. 1 ಮೀಟರ್ ಎತ್ತರದಿಂದ ಬೀಳಲು 0.45 ಸೆಕೆಂಡು ಬೇಕಾದರೆ 10 ಸೆಂಟಿಮೀಟರಿನಿಂದ ಬೀಳಲು 0.14 ಸೆಕೆಂಡು ಸಾಕು. ಆದ್ದರಿಂದ ಬಗ್ಗಿಯ ಸ್ಪ್ರಿಂಗು ಜೀಪಿನ ಸ್ಪ್ರಿಂಗಿಗಿಂತ ಸುಮಾರು ಮೂರು ಪಟ್ಟು ಚುರುಕಾಗಿ ಕುಗ್ಗಿ ಹಿಗ್ಗಬೇಕು.

ನಾಪೋಕ್ಲುವಿನ ನೆಲ ತಿಂಗಳಿಗೊಂದು ಪರೀಕ್ಷೆ ಇಡುತ್ತದೆ. ಜನವರಿಯಲ್ಲಿ ಬಂದರೆ ಕೊಯ್ಲಾದ ಗದ್ದೆ ಸಿಗುತ್ತದೆ. ಮಣ್ಣು ಗಟ್ಟಿ, ಆದರೆ ತುಂಬ ಉಬ್ಬುತಗ್ಗು. ಭತ್ತದ ಕೂಳೆಯೇ ಬಗ್ಗಿಗೆ ಮರದ ಬುಡ. ಸ್ಪ್ರಿಂಗ್ ಗಟ್ಟಿಯಿದ್ದರೆ ಬಗ್ಗಿ ಕುಪ್ಪಳಿಸುತ್ತದೆ, ಗಾಳಿಯಲ್ಲಿರುವ ಚಕ್ರಕ್ಕೆ ಹಿಡಿತವೇ ಇಲ್ಲ. ಇಲ್ಲಿ ಮೆತ್ತನೆಯ ಸ್ಪ್ರಿಂಗ್, ತೆಳು ಎಣ್ಣೆ ಹಾಕಿ, ಒಡಲನ್ನು ತುಸು ಎತ್ತರಿಸಬೇಕು.

ಮಾರ್ಚಿನಲ್ಲಿ ತೋಟದ ದಾರಿಯ ಮೇಲೆ ಸಡಿಲ ಕೆಂಪು ಧೂಳು. ಇದಕ್ಕೆ ಉದ್ದ ಮುಳ್ಳಿನ ಮೆತ್ತನೆಯ ಟೈರು ಹೊಂದುತ್ತದೆ. ಸ್ಟಿಯರಿಂಗ್ ತಿರುಗಿಸಿದರೂ ಬಗ್ಗಿ ನೇರವಾಗಿಯೇ ಓಡಿದರೆ ಮುಂದಿನ ಚಕ್ರಗಳಿಗೆ ಹಿಡಿತ ಸಾಲದು. ಬ್ಯಾಟರಿಯನ್ನು ಮುಂದಕ್ಕೆ ಸರಿಸಬೇಕು. ಹಿಂಬದಿ ಜಾರಿ ಗಿರಗಿರನೆ ತಿರುಗಿದರೆ ಬ್ಯಾಟರಿ ಹಿಂದಕ್ಕೆ ಹೋಗಬೇಕು. ಹಿಂದಿನ ಚಕ್ರಗಳ ಮುಂತುದಿಗಳನ್ನು ಸುಮಾರು 3 ಡಿಗ್ರಿಯಷ್ಟು ಒಳಕ್ಕೆ ತಿರುಗಿಸಿಟ್ಟರೂ ಬಗ್ಗಿ ನೆಟ್ಟಗೆ ನಿಲ್ಲುತ್ತದೆ.

ಮೇ ತಿಂಗಳಲ್ಲಿ ಕಾಫಿ ಒಣಗಿಸುವ ಕಣ ಖಾಲಿಯಾಗಿರುತ್ತದೆ. ನುಣುಪಾದ ಸಿಮೆಂಟಿನ ಮೇಲೆ ಹಿಡಿತ ಹೆಚ್ಚು. ಆಗ ತೊಂದರೆ ಜಾರುವುದಲ್ಲ, ಮಗುಚುವುದು. ಒಡಲನ್ನು ತಗ್ಗಿಸಿ ಗಟ್ಟಿ ಸ್ಪ್ರಿಂಗ್ ಹಾಕಿದರೆ ವಾಲುವುದು ಕಡಿಮೆಯಾಗುತ್ತದೆ. ಜೂನ್ ಬಂದಿತೆಂದರೆ ಮಳೆಯದೇ ರಾಜ್ಯ. ಬಗ್ಗಿ ಮನೆಯೊಳಗೆ, ಬಿಚ್ಚಿ ಒರೆಸಿ ಎಣ್ಣೆ ಬದಲಿಸುವ ಕಾಲ.

ಇದರಲ್ಲಿ ಒಂದು ನಿಯಮ ಮುರಿಯಬಾರದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಟೈರು, ಸ್ಪ್ರಿಂಗ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಗುಣ ಬಂದದ್ದು ಯಾವುದರಿಂದ ಎಂದು ಹೇಳಲಾಗದು. ಅಳತೆಯೂ ಬೇಕು. ಕಣದಲ್ಲಿ ಗೂಟ, ಹಗ್ಗ ಹಿಡಿದು ಬೂದಿಯಿಂದ 2 ಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. ಗೆರೆ ಬಿಡದೆ ಎಷ್ಟು ಬೇಗ ಸುತ್ತಬಹುದೆಂದು ನೋಡಿ. ಹತ್ತು ಸುತ್ತಿನ ಕಾಲ ತೆಗೆದು ಸರಾಸರಿ ಮಾಡಿ. ಒಂದು ಸುತ್ತಿಗೆ 4 ಸೆಕೆಂಡಾದರೆ ವೇಗ ಸೆಕೆಂಡಿಗೆ ಸುಮಾರು 3.14 ಮೀಟರ್. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ 4.9. ಇದು ಗುರುತ್ವ ವೇಗೋತ್ಕರ್ಷದ ಅರ್ಧ. ಅಂದರೆ ಬಗ್ಗಿಯ ತೂಕದ ಅರ್ಧದಷ್ಟು ಬಲದಿಂದ ನೆಲ ಅದನ್ನು ಹಿಡಿದಿದೆ ಎಂದಾಯಿತು. ಒಂದು ಬದಲಾವಣೆ ಮಾಡಿ ಮತ್ತೆ ಅಳೆಯಿರಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಏನೂ ಬದಲಿಸಲಾಗದ ಅಗ್ಗದ ಆಟಿಕೆಯಾದರೆ ಮುಂದೆ ಹಿಂದೆ ನಾಣ್ಯ ಅಂಟಿಸಿಯೂ ಪ್ರಯೋಗ ಮಾಡಬಹುದು.

‘ಇದಕ್ಕೆಲ್ಲ ದುಡ್ಡು ದಂಡ’ ಎನ್ನುವ ತಂದೆತಾಯಿಗಳು ಆ ಲೆಕ್ಕವನ್ನು ಇನ್ನೊಮ್ಮೆ ನೋಡಬೇಕು. ಅದರಲ್ಲಿರುವುದು ವೇಗದ ವರ್ಗ. ವೇಗ ಎರಡು ಪಟ್ಟಾದರೆ ತಿರುವಿನಲ್ಲಿ ಬೇಕಾದ ಹಿಡಿತ ನಾಲ್ಕು ಪಟ್ಟು. ಮಳೆ ಬಿದ್ದ ರಸ್ತೆಯಲ್ಲಿ ಇರುವ ಹಿಡಿತವೇ ಕಡಿಮೆ. ಇಂದು ಬಗ್ಗಿ ಓಡಿಸುವ ಹುಡುಗ ಅಥವಾ ಹುಡುಗಿ ಹದಿನೆಂಟು ತುಂಬಿದೊಡನೆ ಬೈಕಿನ ಕೀ ಕೇಳುವವರೇ. ಬಗ್ಗಿ ಮಗುಚಿದರೆ ಎತ್ತಿ ನಿಲ್ಲಿಸಬಹುದು. ಬೈಕಿನಲ್ಲಿ ಆ ಮಾತಿಲ್ಲ. ಈ ಪಾಠವನ್ನು ಒಂದೂವರೆ ಕಿಲೊದ ಗಾಡಿಯಲ್ಲಿ ಕಲಿಯುವುದೇ ಅಗ್ಗ.

ಎರಡು ಎಚ್ಚರಿಕೆಗಳಿವೆ. ಲಿಥಿಯಂ ಬ್ಯಾಟರಿಯನ್ನು ದೊಡ್ಡವರ ಕಣ್ಣೆದುರೇ ಚಾರ್ಜ್ ಮಾಡಬೇಕು. ಗದ್ದೆಗೋ ಕಣಕ್ಕೋ ಇಳಿಯುವ ಮುನ್ನ ಮನೆಯವರ ಅಪ್ಪಣೆ ಕೇಳಬೇಕು. ದೇವರಕಾಡಿನತ್ತ ಮಾತ್ರ ಹೋಗಲೇಬಾರದು.

ಸಂಜೆಯ ಬಸ್ಸು ನಾಪೋಕ್ಲು ಬಿಟ್ಟು ಮತ್ತೆ ಮೂರ್ನಾಡಿನ ದಾರಿ ಹಿಡಿಯುತ್ತದೆ. ತಿರುವು ಬರುವ ಮೊದಲೇ ಚಾಲಕ ವೇಗ ಇಳಿಸುತ್ತಾನೆ. ಬೂದಿಯ ವೃತ್ತದಲ್ಲಿ ಬಗ್ಗಿ ಸುತ್ತಿಸಿ ಬಂದ ಮಗುವಿಗೆ ಅದು ಏಕೆಂದು ಬಿಡಿಸಿ ಹೇಳಬೇಕಾಗಿಲ್ಲ.